ಬೋರ್ಡೋ ಡ್ರಮ್ಮಿನ ಪಕ್ಕ ಎಐಗೆ ಏನು ಕೆಲಸ?

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಕಾಫಿ ತೋಟಗಳ ಸ್ಟೋರಿನಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮೂಟೆಗಳು ಬಂದು ಕೂರುತ್ತವೆ. ಇವೆರಡನ್ನು ನೀರಲ್ಲಿ ಬೆರೆಸಿ ಮಾಡುವ, ಗಿಡದ ರೋಗ ತಡೆಯುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಹೊಡೆದು ಮುಗಿಸಬೇಕು. ಪ್ರತಿ ವರ್ಷ ಆಳುಗಳಲ್ಲಿ ಅರ್ಧ ಜನ ಹೊಸಬರು, ಅವರಿಗೆ ಕಲಿಸುವ ಹೊಣೆ ತೋಟದ ಮೇಲ್ವಿಚಾರಣೆ ನೋಡುವ ರೈಟರದ್ದೋ ಮೇಸ್ತ್ರಿಯದ್ದೋ ಆಗಿರುತ್ತೆ. ಈಗ ಎಲ್ಲರ ಫೋನಲ್ಲೂ ಎಐ ಇದೆ. "ಬೋರ್ಡೋ ದ್ರಾವಣ ತಯಾರಿಕೆ ಬಗ್ಗೆ ಒಂದು ಟ್ರೈನಿಂಗ್ ಮಾಡಿಕೊಡು" ಅಂತ ಕೇಳಿದರೆ ಒಂದು ನಿಮಿಷದೊಳಗೆ ಹದಿನೈದು ಸ್ಲೈಡ್, ಹತ್ತು ಪ್ರಶ್ನೆ, ಕೊನೆಗೊಂದು ಧನ್ಯವಾದ ಎಲ್ಲಾ ಸಿದ್ಧ.

ಅದು ಪೂರ್ತಿ ತಪ್ಪಾಗಿದ್ದರೆ ಚಿಂತೆ ಇರಲಿಲ್ಲ, ಎತ್ತಿ ಎಸೆಯಬಹುದಿತ್ತು. ಮುಕ್ಕಾಲು ಪಾಲು ಸರಿ ಇರುತ್ತೆ, ತೊಂದರೆ ಇರೋದೇ ಅಲ್ಲಿ. ಬೋರ್ಡೋ ಅಂದಕೂಡಲೇ ಅದು ಸಾಮಾನ್ಯವಾಗಿ ಕೊಡುವುದು 1 ಪರ್ಸೆಂಟ್ ಲೆಕ್ಕ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅಡಿಕೆ ಕೊಳೆರೋಗಕ್ಕೆ ಹೊಡೆಯೋದು ಈ ಲೆಕ್ಕದ್ದೇ. ಆದರೆ ಕಾಫಿಯ ಎಲೆ ತುಕ್ಕು ರೋಗಕ್ಕೆ ಬೇಕಾದ್ದು ಅರ್ಧ ಪರ್ಸೆಂಟ್, ಅಂದರೆ ಅದೇ ಒಂದೊಂದು ಕೆಜಿಗೆ 200 ಲೀಟರ್ ನೀರು. ಕೊಪ್ಪ, ಶೃಂಗೇರಿ ಕಡೆ ಒಬ್ಬನೇ ಆಳು ಬೆಳಿಗ್ಗೆ ಕಾಫಿಗೂ ಮಧ್ಯಾಹ್ನ ಅಡಿಕೆಗೂ ಬೆರೆಸುತ್ತಾನೆ. ಅವನು ಕಲಿಯಬೇಕಾದ ಮೊದಲ ವಿಷಯವೇ ಈ ವ್ಯತ್ಯಾಸ, ಎಐ ಕೊಟ್ಟ ಸ್ಲೈಡಿನಲ್ಲಿ ಅದರ ಸುಳಿವೇ ಇರೋದಿಲ್ಲ.

ಹಾಗಂತ ಎಐ ಬೇಡ ಅಂತಲ್ಲ. ಅದನ್ನು ಕೂರಿಸುವ ಜಾಗ ಬೇರೆ. ಮಾಹಿತಿ ಕೊಡುವ ಕುರ್ಚಿಯಿಂದ ಎಬ್ಬಿಸಿ, ಪ್ರಶ್ನೆ ಕೇಳುವ ಮತ್ತು ಅಭ್ಯಾಸ ಮಾಡಿಸುವ ಕುರ್ಚಿಯಲ್ಲಿ ಕೂರಿಸಿದರೆ ಅದರಷ್ಟು ದುಡಿಯುವ ಸಹಾಯಕ ಸಿಗೋದು ಕಷ್ಟ.

ಎಐ ತೆರೆಯುವ ಮುಂಚೆ ಕಾಗದದ ಮೇಲೆ ಎರಡು ಸಾಲು ಬರೆದುಕೊಳ್ಳಬೇಕು. ಮೊದಲನೆಯದು, ಇದು ನಿಜಕ್ಕೂ ತರಬೇತಿಯ ಸಮಸ್ಯೆಯೇ? ಅಳತೆ ತಪ್ಪುತ್ತಿರೋದು ಸ್ಟೋರಿನ ತಕ್ಕಡಿ ಕೆಟ್ಟಿದ್ದಕ್ಕಾದರೆ, ಅಥವಾ ಡ್ರಮ್ಮಿನ ಮೇಲೆ 200 ಲೀಟರಿನ ಗುರುತೇ ಇಲ್ಲದ್ದಕ್ಕಾದರೆ, ಎಷ್ಟು ಚೆಂದದ ವೀಡಿಯೊ ಮಾಡಿದರೂ ಪ್ರಯೋಜನವಿಲ್ಲ. ಒಂದು ಡಬ್ಬಿ ಪೇಂಟ್ ತಂದು ಗೆರೆ ಎಳೆದರೆ ಆಯಿತು. ನಾಜೂಕಾದ ಒಂದು ಪರೀಕ್ಷೆ ಇದೆ: ಆ ಮನುಷ್ಯನಿಗೆ ಎಲ್ಲಾ ಸಾಮಾನು ಕೈಗೆ ಕೊಟ್ಟು, ಅವಸರ ಮಾಡದೆ ಬಿಟ್ಟರೆ ಸರಿಯಾಗಿ ಮಾಡ್ತಾನಾ? ಮಾಡ್ತಾನೆ ಅಂದರೆ ಅವನಿಗೆ ಬರುತ್ತೆ, ಕೊರತೆ ಬೇರೆಲ್ಲೋ ಇದೆ. ಎಐ ಈ ಪ್ರಶ್ನೆಯನ್ನು ತಾನಾಗಿ ಕೇಳೋದು ಅಪರೂಪ. ಟ್ರೈನಿಂಗ್ ಕೇಳಿದರೆ ಟ್ರೈನಿಂಗ್ ಕೊಡುತ್ತೆ.

ಎರಡನೆಯ ಸಾಲು, ಕಲಿತವನು ಏನು ಮಾಡಿ ತೋರಿಸಬೇಕು ಅನ್ನೋದು. "ಬೋರ್ಡೋ ಬಗ್ಗೆ ಅರಿವು ಮೂಡಿಸುವುದು" ಅನ್ನೋ ಗುರಿ ಗುರಿಯೇ ಅಲ್ಲ. "200 ಲೀಟರ್ ಡ್ರಮ್ಮಿಗೆ ಅರ್ಧ ಪರ್ಸೆಂಟ್ ಬೋರ್ಡೋವನ್ನು ಯಾರ ಸಹಾಯವೂ ಇಲ್ಲದೆ ಬೆರೆಸಿ, ಚಾಕು ಪರೀಕ್ಷೆ (ಚಾಕು ಅದ್ದಿ ಸುಣ್ಣ ಸಾಕಾಯಿತಾ ನೋಡೋದು) ಮಾಡಿ, ಹೊಡೆಯಬಹುದೋ ಬೇಡವೋ ಹೇಳಬೇಕು." ಇಷ್ಟು ಬರೆದರೆ ಉಳಿದದ್ದೆಲ್ಲ ಇದರ ಬಾಲ ಹಿಡಿದು ಬರುತ್ತೆ, ಯಾವ ಸ್ಲೈಡ್ ಬೇಕು ಯಾವುದು ಬೇಡ ಅನ್ನೋದೂ ಸೇರಿ. ಬೋರ್ಡೋ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟದ ಚರಿತ್ರೆ ಎಐಗೆ ಬಲು ಪ್ರೀತಿ, ಮೊದಲ ಎರಡು ಸ್ಲೈಡ್ ಅದಕ್ಕೇ ಮೀಸಲು. ಈ ಗುರಿಯ ಮುಂದೆ ಇಟ್ಟು ನೋಡಿದರೆ ಅದು ತಾನಾಗಿ ಉದುರಿ ಹೋಗುತ್ತೆ.

ಇನ್ನು ಮೂಲ ವಿಷಯ. ಇದು ಎರಡು ಕಡೆಯಿಂದ ಬರಬೇಕು. ಒಂದು, ಕಾಫಿ ಬೋರ್ಡಿನ ಶಿಫಾರಸು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಇದೇ ಕೆಲಸ ಮಾಡುತ್ತಿರುವಾಗ, ಯಾವುದೋ ದೇಶದ ಲೇಖನಗಳನ್ನು ಕಲಸಿ ಎಐ ಕೊಡುವ ಉತ್ತರ ನೆಚ್ಚುವ ಅಗತ್ಯವಿಲ್ಲ. ಇನ್ನೊಂದು, ತೋಟದಲ್ಲೇ ಚೆನ್ನಾಗಿ ಬೆರೆಸುವ ಒಬ್ಬ ಹಳೆಯ ಮೇಸ್ತ್ರಿ. ಅವರು ಡ್ರಮ್ಮಿನ ಮುಂದೆ ನಿಂತು ಕೆಲಸ ಮಾಡುತ್ತಲೇ ಮಾತಾಡಲಿ, ಫೋನಿನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಆಫೀಸಿನಲ್ಲಿ ಕೂರಿಸಿ ಕೇಳಿದರೆ ಅರ್ಧ ಮರೆತು ಹೇಳ್ತಾರೆ, ಕೈ ಆಡುವಾಗಲೇ ಬಾಯಿಗೂ ನೆನಪಾಗೋದು.

ಆ ರೆಕಾರ್ಡನ್ನು ಬರಹಕ್ಕೆ ಇಳಿಸುವ ಕೆಲಸ ಎಐಗೆ ಕೊಡಬಹುದು, ಆದರೆ ಬಂದದ್ದನ್ನು ಒಮ್ಮೆ ಕೇಳಿಸಿಕೊಂಡೇ ತಿದ್ದಬೇಕು. ಮಲೆನಾಡಿನ ಮಾತಿನ ವೇಗ, ಹಿಂದೆ ಹರಿಯುವ ನೀರಿನ ಸದ್ದು ಎರಡೂ ಸೇರಿದರೆ "ತುತ್ತ" ಹೋಗಿ "ತುತ್ತು" ಆಗೋದು, "ಹಾಕ್ಬಾರ್ದು" ಹೋಗಿ "ಹಾಕ್ಬೋದು" ಆಗೋದು ಕಷ್ಟವೇನಲ್ಲ. ಎರಡನೆಯದು ಆದರೆ ಕೆಲಸ ಕೆಟ್ಟಿತು.

ಈಗ ಎಐಯ ಒಳ್ಳೆಯ ಗುಣ ಬಳಕೆಗೆ ಬರುತ್ತೆ. ಪಠ್ಯ ಬರೆಸುವ ಮುಂಚೆ ಅದಕ್ಕೆ ಈ ಥರ ಹೇಳಿ ನೋಡಿ:

"ಕೆಳಗಿರೋದು ಒಬ್ಬ ಅನುಭವಿ ಮೇಸ್ತ್ರಿ ಹೇಳಿದ ವಿಧಾನ. ನೀನು ಇವತ್ತೇ ಕೆಲಸಕ್ಕೆ ಸೇರಿದ ಹೊಸ ಆಳು. ಇಷ್ಟನ್ನೇ ಕೇಳಿಕೊಂಡು ಒಬ್ಬನೇ ಬೆರೆಸೋಕೆ ಹೋದರೆ ನಿನಗೆ ಎಲ್ಲೆಲ್ಲಿ ಕೈ ನಿಲ್ಲುತ್ತೆ? ಅಳತೆ ಹೇಳದ ಕಡೆ, ಎಷ್ಟು ಹೊತ್ತು ಅಂತ ಹೇಳದ ಕಡೆ, ತಪ್ಪಾದರೆ ಏನು ಮಾಡಬೇಕು ಅಂತ ಹೇಳದ ಕಡೆ ಒಂದೊಂದು ಪ್ರಶ್ನೆ ಬರಿ. ಉತ್ತರ ನೀನು ಕೊಡಬೇಡ."

ಕೊನೆಯ ವಾಕ್ಯ ಮುಖ್ಯ. ಅದನ್ನು ಬಿಟ್ಟರೆ ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಾನೇ ಹುಟ್ಟಿಸಿ ಕೊಡುತ್ತೆ. ಹೀಗೆ ಕೇಳಿದಾಗ ಬರುವ ಪ್ರಶ್ನೆಗಳು ಚೆನ್ನಾಗಿರುತ್ತವೆ. ಸುಣ್ಣದ ನೀರು ಸೋಸಬೇಕು ಅಂದಿರಿ, ಯಾವುದರಲ್ಲಿ? ಚಾಕು ಎಷ್ಟು ಹೊತ್ತು ಅದ್ದಿಡಬೇಕು? ಅದು ಕೆಂಪಾದರೆ ಎಷ್ಟು ಸುಣ್ಣ ಸೇರಿಸಬೇಕು, ಸೇರಿಸಿದ ಮೇಲೆ ಮತ್ತೆ ಅದ್ದಿ ನೋಡಬೇಕಾ? ಮಧ್ಯಾಹ್ನ ಮಳೆ ಬಂದು ಅರ್ಧ ಡ್ರಮ್ ಉಳಿದರೆ ನಾಳೆ ಹೊಡೀಬಹುದಾ? ಇಪ್ಪತ್ತು ವರ್ಷದಿಂದ ಬೆರೆಸುತ್ತಿರುವ ಮೇಸ್ತ್ರಿಗೆ ಇವು ಪ್ರಶ್ನೆಗಳೇ ಅಲ್ಲ, ಅದಕ್ಕೇ ಅವರು ಹೇಳಿರೋದಿಲ್ಲ. ಈ ಹಾಳೆ ಹಿಡಿದು ಮತ್ತೊಮ್ಮೆ ಅವರ ಹತ್ತಿರ ಹೋಗಬೇಕು. ಹತ್ತು ನಿಮಿಷ ಸಾಕು.

ಅಲ್ಲಿಂದ ಬರುವ ವಿಧಾನ ಒಂದು ಹಾಳೆ ಮೀರಬಾರದು. ಮೈಲುತುತ್ತದ ಹರಳು ಬೇಗ ಕರಗೋದಿಲ್ಲ, ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ನೇತುಹಾಕಿದರೆ ಬೆಳಿಗ್ಗೆಗೆ ತಯಾರು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣದ ಬಕೆಟ್ ಆದರೆ ತಾಮ್ರವೆಲ್ಲ ಬಕೆಟ್ಟಿಗೇ ಹತ್ತಿಕೊಳ್ಳುತ್ತೆ. ಅರ್ಧ ನೀರಿನಲ್ಲಿ ತುತ್ತ, ಅರ್ಧ ನೀರಿನಲ್ಲಿ ಸುಣ್ಣ. ಸುಣ್ಣದ ನೀರನ್ನು ಸೋಸದಿದ್ದರೆ ಗುಡ್ಡಕ್ಕೆ ಹೋದ ಮೇಲೆ ನಾಜಲ್ ಕಟ್ಟಿಕೊಂಡು ಎಲ್ಲರ ಕೆಲಸ ನಿಲ್ಲುತ್ತೆ. ಸುಣ್ಣದ ನೀರು ಕಲಕುತ್ತಾ ಅದಕ್ಕೆ ತುತ್ತದ ನೀರು ಹುಯ್ಯಬೇಕು, ಉಲ್ಟಾ ಮಾಡಿದರೆ ದಪ್ಪ ಕಣ ಕಟ್ಟಿ ಬೇಗ ತಳ ಹಿಡಿಯುತ್ತೆ. ಬಣ್ಣ ಆಕಾಶ ನೀಲಿಗೆ ಬಂದ ಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಚಾಕು ಉಜ್ಜಿ, ಮತ್ತೆ ಅದ್ದಬೇಕು. ಬೆರೆಸಿದ್ದು ಅವತ್ತೇ ಮುಗಿಯಬೇಕು, ಮರುದಿನಕ್ಕೆ ಅದರ ಅಂಟು ಹೋಗಿರುತ್ತೆ.

ಈ ಹಾಳೆಯನ್ನು ಎಐಗೆ ಕೊಟ್ಟು "ಇದರಲ್ಲಿ ಇರೋದನ್ನು ಮಾತ್ರ ಬಳಸು, ಇಲ್ಲದ್ದು ಬೇಕೆನಿಸಿದರೆ 'ಹಾಳೆಯಲ್ಲಿ ಇಲ್ಲ' ಅಂತ ಬರಿ" ಅಂದ ಮೇಲೆ ಪಾಠ, ಪ್ರಶ್ನೆ, ಆಡಿಯೊ ಮಾತು ಏನು ಬೇಕಾದರೂ ಬರೆಸಬಹುದು. ಹಾಗೆ ಹೇಳಿದರೂ ಒಮ್ಮೊಮ್ಮೆ ಹೊರಗಿನದು ನುಸುಳುತ್ತೆ. ಬಂದದ್ದರಲ್ಲಿ ಪ್ರತಿ ಅಂಕಿಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಮೂಲ ಹಾಳೆಯ ಜೊತೆ ತಾಳೆ ನೋಡೋದು ಐದು ನಿಮಿಷದ ಕೆಲಸ.

ಎಐ ಕನ್ನಡದ ಬಗ್ಗೆ ಒಂದು ಮಾತು. ಕೇಳದೇ ಇದ್ದರೆ ಅದು ಸರ್ಕಾರಿ ಸುತ್ತೋಲೆಯ ಕನ್ನಡ ಬರೆಯುತ್ತೆ. "ದಯವಿಟ್ಟು ಸುರಕ್ಷತಾ ಕನ್ನಡಕವನ್ನು ಕಡ್ಡಾಯವಾಗಿ ಧರಿಸತಕ್ಕದ್ದು." ತೋಟದಲ್ಲಿ ಯಾರೂ ಹೀಗೆ ಮಾತಾಡಲ್ಲ. "ಕನ್ನಡಕ ಹಾಕ್ಕೊಳಣ್ಣ, ಸುಣ್ಣ ಕಣ್ಣಿಗೆ ಹಾರುತ್ತೆ" ಅಂದರೆ ಆಯಿತು, ಕಾರಣವೂ ಅದರೊಳಗೇ ಬಂತು. ಇದಕ್ಕೆ ಮದ್ದು ಒಂದು ಪದಪಟ್ಟಿ. ಇಪ್ಪತ್ತೈದು ಮೂವತ್ತು ಪದ ಸಾಕು: ತಾಮ್ರದ ಸಲ್ಫೇಟ್ ಅನ್ನಬೇಡ ಮೈಲುತುತ್ತ ಅನ್ನು, ಧಾರಕ ಬೇಡ ಡ್ರಮ್, ಒಣಗಿಸುವ ಅಂಗಳ ಬೇಡ ಕಣ, ಮೇಲ್ವಿಚಾರಕ ಬೇಡ ರೈಟರ್. ಪ್ರತಿ ಸಲ ಈ ಪಟ್ಟಿಯನ್ನು ಮೊದಲು ಅಂಟಿಸಿ ಆಮೇಲೆ ಕೆಲಸ ಹೇಳಬೇಕು. ಸಕಲೇಶಪುರದ ಪಟ್ಟಿ ಶೃಂಗೇರಿಗೆ ಹೊಂದುತ್ತೆ ಅಂತ ತಿಳಿಯಬೇಡಿ, ಎರಡು ಘಟ್ಟ ದಾಟಿದರೆ ಮಾತು ಬದಲಾಗುತ್ತೆ.

ಇನ್ನೂ ಬಿಗಿಯಾದ ಗಂಟು ಬೇರೆ ಭಾಷೆಯವರದ್ದು. ಈಗ ತೋಟದ ಆಳುಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್, ಬಂಗಾಳದ ಜನ ಬಂದು ನಿಂತಿದ್ದಾರೆ. ಹಿಂದಿ, ಅಸ್ಸಾಮಿ, ಬಂಗಾಳಿಗೆ ಎಐ ಅನುವಾದ ಮಾಡಿಕೊಡುತ್ತೆ, ಕೇಂದ್ರ ಸರ್ಕಾರದ ಅನುವಾದ ಸೇವೆ ಭಾಷಿಣಿಯೂ ಇದೆ. ಮನೆಯಲ್ಲಿ ಜಾರ್ಖಂಡ್ ಕಡೆಯ ಸಾದ್ರಿ ಭಾಷೆ ಮಾತಾಡುವವರಿಗೆ ಪುಸ್ತಕದ ಹಿಂದಿ ಅರ್ಧವೇ ಮುಟ್ಟೋದು. ಅನುವಾದ ಬಂದ ಮೇಲೆ ಹೊಸ ಚಾಟ್ ತೆರೆದು, ಸಾಧ್ಯವಾದರೆ ಬೇರೆ ಆ್ಯಪಿನಲ್ಲಿ, ಅದನ್ನು ಮರಳಿ ಕನ್ನಡಕ್ಕೆ ತಿರುಗಿಸಿ ನೋಡಬೇಕು. ನೋಡಬೇಕಾದ್ದು ಎಲ್ಲವನ್ನೂ ಅಲ್ಲ. ಅಂಕಿಗಳು, "ಬಾರದು" ಅನ್ನುವ ಕಡೆಗಳು, "ಮೊದಲು–ಆಮೇಲೆ" ಇರುವ ಕಡೆಗಳು, ಮತ್ತು ಯಾವುದನ್ನು ಯಾವುದಕ್ಕೆ ಹುಯ್ಯೋದು ಅನ್ನೋದು. "ಸುಣ್ಣಕ್ಕೆ ತುತ್ತ" ಮತ್ತು "ಸುಣ್ಣ ತುತ್ತಕ್ಕೆ" ನಡುವೆ ಇರೋದು ಒಂದು "ಕ್ಕೆ" ಮಾತ್ರ, ಅದು ಜಾರಿದರೆ ಡ್ರಮ್ಮೇ ಹಾಳು. ಕೊನೆಗೆ ಆ ಭಾಷೆಯ ಒಬ್ಬ ಆಳಿಗೆ ಆಡಿಯೊ ಕೇಳಿಸಿ, "ಏನು ಮಾಡ್ಬೇಕು ಅಂತ ಅರ್ಥ ಆಯ್ತು ಭಯ್ಯಾ, ಕೈಯಲ್ಲಿ ತೋರಿಸು" ಅನ್ನಬೇಕು. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ.

ಆಡಿಯೊ ಒಂದೂವರೆ ನಿಮಿಷ ಮೀರದಿರಲಿ, ಒಂದು ಆಡಿಯೊದಲ್ಲಿ ಒಂದೇ ಕೆಲಸ ಇರಲಿ. ಗುಡ್ಡದ ಮೇಲೆ ಸಿಗ್ನಲ್ ಇರಲ್ಲ, ಹಾಗಾಗಿ ಹಿಂದಿನ ಸಂಜೆ ಲೈನ್ ಮನೆ ಹತ್ತಿರವೇ ವಾಟ್ಸಾಪಿಗೆ ಹಾಕಿ ಡೌನ್‌ಲೋಡ್ ಮಾಡಿಸಬೇಕು. ಚಿತ್ರಗಳನ್ನು ಎಐಯಿಂದ ಬರೆಸಲೇಬೇಡಿ. ಅದು ಬರೆದ ಕಾಫಿ ಗಿಡದ ಎಲೆ ಇನ್ಯಾವುದೋ ಗಿಡದ್ದಾಗಿರುತ್ತೆ, ತುಕ್ಕಿನ ಚುಕ್ಕೆ ಎಲೆಯ ಮೇಲ್ಗಡೆ ಪುಡಿಪುಡಿಯಾಗಿ ಕೂತಿರುತ್ತೆ. ನಿಜವಾದ ಕಿತ್ತಳೆ ಪುಡಿ ಕಾಣೋದು ಎಲೆಯ ಅಡಿಯಲ್ಲಿ. ಫೋನಿನಲ್ಲಿ ತೆಗೆದ ಒಂದು ಮಸುಕು ಫೋಟೊ ಇದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆಗಳ ವಿಷಯಕ್ಕೆ ಬಂದರೆ, ಎಐ ಮಾಡುವ ನಾಲ್ಕು ಆಯ್ಕೆಯ ಪ್ರಶ್ನೆಗೆ ಒಂದು ಕೆಟ್ಟ ಚಾಳಿ ಇದೆ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದ, ಉಳಿದ ಮೂರು ಆಯ್ಕೆಗಳು ಮಕ್ಕಳಿಗೂ ನಗು ಬರುವಂಥವು. ಓದದೆಯೂ ಪಾಸಾಗಬಹುದು. ತಪ್ಪು ಆಯ್ಕೆಗಳನ್ನು ನಾವೇ ಕೊಡಬೇಕು, ಅದೂ ಕಳೆದ ವರ್ಷ ನಿಜವಾಗಿ ಆದ ತಪ್ಪುಗಳನ್ನು: ಕಾಫಿಗೆ ಅಡಿಕೆಯ ಲೆಕ್ಕ ಹಾಕಿದ್ದು, ನಿನ್ನೆಯದನ್ನು ಇವತ್ತು ಹೊಡೆದದ್ದು, ತುಕ್ಕು ಹಿಡಿದ ಚಾಕುವಿನಲ್ಲೇ ಪರೀಕ್ಷೆ ಮಾಡಿದ್ದು. ಎಲ್ಲಾ ಆಯ್ಕೆಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರಲಿ ಅಂತಲೂ ಹೇಳಬೇಕು.

ಎಐ ನಿಜಕ್ಕೂ ಮಿಂಚೋದು ಒಂದೇ ಪ್ರಶ್ನೆಯನ್ನು ಹತ್ತು ವೇಷದಲ್ಲಿ ಕೊಡುವುದರಲ್ಲಿ. "ಡ್ರಮ್ಮಿನಲ್ಲಿ 150 ಲೀಟರ್ ಮಾತ್ರ ಬೆರೆಸಬೇಕು, ಕಾಫಿಗೆ. ಎಷ್ಟು ತುತ್ತ?" 750 ಗ್ರಾಂ. "ಅದೇ 150 ಲೀಟರ್, ಅಡಿಕೆಗೆ?" ಒಂದೂವರೆ ಕೆಜಿ. "ಸ್ಟೋರಿನಲ್ಲಿ 900 ಗ್ರಾಂ ಉಳಿದಿದೆ, ಕಾಫಿಗೆ ಎಷ್ಟು ಲೀಟರ್ ಆಗುತ್ತೆ?" 180. ಇಂಥವು ಇಪ್ಪತ್ತು ಬೇಕಾದರೆ ಕ್ಷಣದಲ್ಲಿ ಬರುತ್ತವೆ. ಉತ್ತರಗಳನ್ನು ಮಾತ್ರ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಬೇಕು. ಮಾತು ಜೋಡಿಸುವ ಯಂತ್ರ ಲೆಕ್ಕದಲ್ಲಿ ಎಡವಿದರೂ ಅದೇ ಧೈರ್ಯದ ದನಿಯಲ್ಲಿ ಹೇಳುತ್ತೆ.

ಆ ಇಪ್ಪತ್ತನ್ನು ಒಂದೇ ದಿನ ಕೇಳಬೇಡಿ. ಮೊದಲ ದಿನ ನಾಲ್ಕು, ಮೂರನೇ ದಿನ ನಾಲ್ಕು, ಹತ್ತನೇ ದಿನ ನಾಲ್ಕು, ತಿಂಗಳಾದ ಮೇಲೆ ಉಳಿದವು. ಕಲಿತದ್ದು ಮೊದಲ ಕೆಲವೇ ದಿನಗಳಲ್ಲಿ ಎಷ್ಟು ಬೇಗ ಇಳಿದುಹೋಗುತ್ತೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದ. (ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ಬೋರ್ಡೋ ದ್ರಾವಣದ ಬಗ್ಗೆ ಪ್ರಕಟಿಸಿದ್ದೂ ಅದೇ ವರ್ಷ. ಎರಡೂ ಒಂದೇ ಡ್ರಮ್ಮಿನಲ್ಲಿ ಬಂದು ಬೀಳುತ್ತವೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.) 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇನ್ನೊಂದು ವಿಷಯ ತೋರಿಸಿದರು. ಐದು ನಿಮಿಷದ ಮೇಲೆ ಪರೀಕ್ಷಿಸಿದರೆ ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದೆ, ಒಂದು ವಾರದ ಮೇಲೆ ಪರೀಕ್ಷಿಸಿದರೆ ಓದೋದು ಬಿಟ್ಟು ನೆನಪಿನಿಂದ ಬರೆದವರು ಮುಂದೆ. ತರಬೇತಿ ಮುಗಿದ ಸಂಜೆಯೇ ಪರೀಕ್ಷೆ ಇಟ್ಟು "ಎಲ್ಲರಿಗೂ ನೂರಕ್ಕೆ ತೊಂಬತ್ತು" ಅಂತ ಖುಷಿಪಡೋದರಲ್ಲಿ ಯಾಕೆ ಅರ್ಥವಿಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

ಕಾಫಿ ಬೀಜ ಹದಮಾಡಿ ಆರಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಇದೇ ಉಪಾಯ ಬೇರೆ ರೂಪ ಪಡೆಯುತ್ತೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಬೀಜ ಆರಿಸುವ ಹೆಂಗಸರಿಗೆ ಕಪ್ಪು, ಕಂದು, ಚೂರು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕಡಿದದ್ದು ಇವನ್ನು ಕಣ್ಣು ಹಿಡಿಯಬೇಕು. ಫೋಟೊ ತೋರಿಸಿ ಕಲಿಸುವುದು ಅರ್ಧಂಬರ್ಧ, ಫೋನಿನ ಪರದೆಯಲ್ಲಿ ಕಂದು ಬಣ್ಣ ನಂಬುವ ಹಾಗಿಲ್ಲ. ನೂರು ಗ್ರಾಂ ಒಳ್ಳೆಯ ಬೀಜದ ತಟ್ಟೆಗೆ ಎಣಿಸಿ ಇಪ್ಪತ್ತು ಕೆಟ್ಟ ಬೀಜ ಬೆರೆಸಿ, ಮೂರು ನಿಮಿಷದಲ್ಲಿ ಎಷ್ಟು ಸಿಕ್ಕಿತು ನೋಡಬೇಕು. ಎಐಯ ಪಾಲು ಇಲ್ಲಿ ಸಣ್ಣದು, ಆದರೆ ಉಪಯೋಗದ್ದು. ದಿನಕ್ಕೊಂದು ಬೇರೆ ಮಿಶ್ರಣದ ಪಟ್ಟಿ (ಇವತ್ತು ಆರು ಕಪ್ಪು, ಐದು ಕಂದು, ಐದು ಕಡಿದದ್ದು, ನಾಲ್ಕು ಚೂರು), ವಾರದ ಕೊನೆಗೆ ಯಾರಿಗೆ ಯಾವ ಜಾತಿ ಕಣ್ಣು ತಪ್ಪುತ್ತಿದೆ ಅನ್ನೋ ಲೆಕ್ಕ. ಒಬ್ಬಾಕೆಗೆ ಕಂದು ಮಾತ್ರ ತಪ್ಪುತ್ತಿದ್ದರೆ ಆಕೆಯ ಮುಂದಿನ ವಾರದ ತಟ್ಟೆಯಲ್ಲಿ ಹತ್ತು ಕಂದು ಹಾಕೋದು.

ರೈಟರುಗಳಿಗೆ ಇನ್ನೊಂದು ಥರದ ಅಭ್ಯಾಸ ಬೇಕಾಗುತ್ತೆ, ಮಾತಿನದು. ಗ್ಲೌಸ್ ಹಾಕದ ಹಿರಿಯ ಆಳಿಗೆ ಜಗಳ ಆಗದ ಹಾಗೆ ಹೇಳೋದು ಹೇಗೆ? ಎಐಯನ್ನು ಆ ಆಳಿನ ಪಾತ್ರ ಮಾಡಿಸಿ ಮಾತಾಡಬಹುದು. "ಬೇಗ ಒಪ್ಪಿಕೊಳ್ಳಬೇಡ, ಕನಿಷ್ಠ ಮೂರು ಸಲ ನೆಪ ಹೇಳು" ಅಂತ ಮೊದಲೇ ಕಟ್ಟು ಹಾಕದಿದ್ದರೆ ಎರಡನೇ ಮಾತಿಗೇ "ನೀವು ಹೇಳಿದ್ದು ಸರಿ ಸಾರ್" ಅಂದುಬಿಡುತ್ತೆ, ಅಂಥ ಆಳು ಯಾವ ತೋಟದಲ್ಲೂ ಇಲ್ಲ. ಮಾತು ಮುಗಿದ ಮೇಲೆ, ರೈಟರ್ ತಾನು ಎಲ್ಲಿ ಎಡವಿದೆ ಅಂತ ಎರಡು ಸಾಲು ಬರೆದ ನಂತರವೇ ಎಐ ಅಭಿಪ್ರಾಯ ಕೇಳಬೇಕು. ಮೊದಲೇ ಕೇಳಿದರೆ ಯೋಚಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದಂತೆ.

ಇದರಲ್ಲೆಲ್ಲ ನಿಜವಾದ ಹೆಸರು, ಆಧಾರ್ ನಂಬರ್, ಕೂಲಿ ಲೆಡ್ಜರ್, ಮುಖ ಕಾಣುವ ವೀಡಿಯೊ ಯಾವುದನ್ನೂ ಎಐಗೆ ಹಾಕಬಾರದು. "ಆಳು 1, ಆಳು 2" ಸಾಕು. 2023ರಲ್ಲೇ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾನೂನು ಬಂದಿದೆ. ಅದಿಲ್ಲದಿದ್ದರೂ ಲೈನ್ ಮನೆಯವರ ದಾಖಲೆಯನ್ನು ಅವರಿಗೆ ಕೇಳದೆ ಎಲ್ಲಿಗೋ ಕಳಿಸೋದು ಸರಿಯಲ್ಲ.

ಕೊನೆಯ ಪರೀಕ್ಷೆ ಫೋನಿನಲ್ಲಿ ಅಲ್ಲ, ಡ್ರಮ್ಮಿನಲ್ಲೇ ಆಗಬೇಕು. ಫೋನಿನ ಕ್ವಿಜ್‌ಗೆ ಉತ್ತರವನ್ನೂ ಎಐಯೇ ಹೇಳಿಕೊಡುವ ಕಾಲ ಇದು. ಎಂಟು ಸಾಲಿನ ಒಂದು ಚೀಟಿ ಹಿಡಿದು ಮೇಸ್ತ್ರಿ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು: ಕನ್ನಡಕ, ಗ್ಲೌಸ್ ಹಾಕಿದನಾ, ಯಾವ ಬೆಳೆಗೆ ಅಂತ ಮೊದಲು ಕೇಳಿದನಾ, ತೂಕ ಹಾಕಿದನಾ ಅಂದಾಜಿನಲ್ಲಿ ಸುರಿದನಾ, ಪ್ಲಾಸ್ಟಿಕ್ ಪಾತ್ರೆ ತಗೊಂಡನಾ, ಸುಣ್ಣ ಸೋಸಿದನಾ, ಯಾವುದನ್ನು ಯಾವುದಕ್ಕೆ ಹುಯ್ದ, ಚಾಕು ಉಜ್ಜಿ ಅದ್ದಿದನಾ, ಕೆಂಪಾದರೆ ಏನು ಮಾಡಿದ. ನಡುವೆ ಬಾಯಿ ಹಾಕಬಾರದು, ಮೇಸ್ತ್ರಿಗೆ ಅತ್ಯಂತ ಕಷ್ಟದ ಭಾಗ ಇದೇ. ಅಪಾಯ ಕಂಡರೆ ಮಾತ್ರ ತಡೆಯಬೇಕು. ಮೊದಲು ಮೂರು ಜನರ ಮೇಲೆ ಇದನ್ನು ಮಾಡಿ ನೋಡಿ, ಮೂವರಲ್ಲಿ ಇಬ್ಬರು ಒಂದೇ ಕಡೆ ತಪ್ಪಿದರೆ ಹಾಳೆಯ ಆ ಸಾಲನ್ನು ತಿದ್ದಬೇಕು, ಆಮೇಲೆ ಉಳಿದವರಿಗೆ ಕಲಿಸಬೇಕು.

ಫಲ ಸಿಕ್ಕಿತೋ ಇಲ್ಲವೋ ನೋಡೋಕೆ ಎರಡೇ ಲೆಕ್ಕ ಸಾಕು. ತರಬೇತಿಗೆ ಮುಂಚಿನ ಐದು ದಿನ, ಆಮೇಲಿನ ಐದು ದಿನ, ದಿನಕ್ಕೆ ಎಷ್ಟು ಸಲ ನಾಜಲ್ ಕಟ್ಟಿತು, ಎಷ್ಟು ಡ್ರಮ್ಮಿನಲ್ಲಿ ಮೊದಲ ಸಲಕ್ಕೇ ಚಾಕು ಕೆಂಪಾಯಿತು. "ತರಬೇತಿ ಹೇಗಿತ್ತು?" ಅಂತ ನಗುಮುಖದ ಚಿತ್ರಕ್ಕೆ ಟಿಕ್ ಹಾಕಿಸುವ ಫಾರಂ ಬೇಕಾದರೆ ಎಐ ಕ್ಷಣದಲ್ಲಿ ಮಾಡಿಕೊಡುತ್ತೆ, ಮಾಡಿಸಿಕೊಳ್ಳದಿದ್ದರೂ ನಷ್ಟವಿಲ್ಲ.

ಹಾಳೆಯ ಮೂಲೆಯಲ್ಲಿ ತಾರೀಖು ಮತ್ತು ಹೇಳಿಕೊಟ್ಟ ಮೇಸ್ತ್ರಿಯ ಹೆಸರು ಪೆನ್ನಿನಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡ್ರಮ್ಮಿನ ಹತ್ತಿರದ ಕಂಬಕ್ಕೆ ಕಟ್ಟಿ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟ ಮೇಲೆ ಎರಡನೇ ಸಲ ಹೊಡೆಯುವಾಗ ಅದೇ ಹಾಳೆ ತೆಗೆದು, ಈ ಮಧ್ಯೆ ಯಾರು ಏನು ಗೀಚಿದ್ದಾರೆ ಅಂತ ಓದಿ, ಅದನ್ನು ಸೇರಿಸಿ ಹೊಸದು ಮಾಡಬೇಕು. ನೀಲಿ ಕೈಗುರುತು ಎಲ್ಲಕ್ಕಿಂತ ಹೆಚ್ಚು ಬಿದ್ದಿರುವ ಸಾಲು ಯಾವುದು ಅಂತಲೂ ನೋಡಿಕೊಳ್ಳಿ.